ಹುಣಸೆಬೀಜದ ಕಾವಲು

“ಗುರುಗಳೇ, ಕೂಗುತ್ತಲೇ ಇರಬೇಕು, ಆದರೆ ಕೂಗಿದ್ದು ವೈರಿಗೆ ಕೇಳಿಸಬಾರದು. ಇಂಥ ಯಂತ್ರವೊಂದನ್ನು ಆರು ವರ್ಷದ ಮಗುವಿಗೆ ಹೇಗೆ ವಿವರಿಸಲಿ?”

ಕೇಳಿದವನು ಓಬಳೇಶ, ಸೇನೆಯಲ್ಲಿ ರೇಡಾರ್ ನಡೆಸುವ ಹವಾಲ್ದಾರ. ಕೇಳಿಸಿಕೊಂಡವರು ಮರುಳಯ್ಯ ಮೇಷ್ಟ್ರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ, ನಿವೃತ್ತರಾದ ಮೇಲೆ ಊರ ಮಠದ ಹಿಂದಿನ ಕೋಣೆಯಲ್ಲಿ ಇದ್ದರು. ಹಳೆಯ ಶಿಷ್ಯರು ರಜೆಗೆ ಬಂದಾಗ ಅವರ ಹತ್ತಿರ ಬಂದು ಕೂರುವುದು, ಚೆನ್ನಾಗಿ ಬೈಸಿಕೊಳ್ಳುವುದು, ಮನಸ್ಸು ಹಗುರ ಮಾಡಿಕೊಂಡು ಹೋಗುವುದು ವಾಡಿಕೆಯಾಗಿತ್ತು.

“ಮೊದಲು ನನಗೆ ವಿವರಿಸು. ನನಗೆ ತಿಳಿದರೆ ಮಗುವಿಗೂ ತಿಳಿದೀತು,” ಎಂದರು ಗುರುಗಳು.

ಓಬಳೇಶ ನೆಟ್ಟಗೆ ಕೂತು ಹೇಳಿದ. ರೇಡಾರ್ ಅಲೆಗಳನ್ನು ಕಳಿಸುತ್ತದೆ. ಅಲೆ ವಿಮಾನಕ್ಕೆ ತಾಗಿ ಹಿಂದಿರುಗಿದರೆ ವಿಮಾನ ಎಲ್ಲಿದೆ ಎಂದು ತಿಳಿಯುತ್ತದೆ. ಆದರೆ ಹೋದ ಅಲೆ ವೈರಿಯ ಯಂತ್ರಕ್ಕೂ ಕೇಳಿಸುತ್ತದೆ. ಅಲೆ ಬಂದ ದಾರಿಯನ್ನೇ ಹಿಡಿದು ಅವನು ಕ್ಷಿಪಣಿ ಬಿಡುತ್ತಾನೆ. ಈಗಿನ ಹೊಸ ರೇಡಾರ್ ಹಾಗಲ್ಲ, ಅಲೆಯ ಶಕ್ತಿಯನ್ನು ತಗ್ಗಿಸಿ, ಆವರ್ತನವನ್ನು ಹರಡಿ, ಸಂಕೇತದ ಕ್ರಮವನ್ನು...

“ಸಾಕು, ಸಾಕು! ಮಗುವಿಗೂ ಹೀಗೇ ಹೇಳಿದೆಯಾ?”

“ಹೌದು ಗುರುಗಳೇ. ಕಾಗದದ ಮೇಲೆ ಚಿತ್ರವನ್ನೂ ಬರೆದು ತೋರಿಸಿದೆ.”

“ಅವಳು ಏನೆಂದಳು?”

“ಎದ್ದು ಅಡಿಗೆಮನೆಗೆ ಹೋದಳು.”

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಓಬಳೇಶನ ಪಕ್ಕದಲ್ಲಿ ಕೂತಿದ್ದ ಅವನ ಮಗಳು ಸಿಂಚನ ಮಾತ್ರ ನಗಲಿಲ್ಲ. ಗುರುಗಳು ಅವಳನ್ನು ಹತ್ತಿರ ಕರೆದು, “ನಿನಗೆ ಏನು ಬೇಕವ್ವ? ನೀನೇ ಹೇಳು,” ಎಂದರು.

“ನಾಡಿದ್ದು ಅಪ್ಪ ಹೋಗುತ್ತೆ,” ಎಂದಳು ಹುಡುಗಿ. “ರೇಡಾರ್ ಹಚ್ಚಿದ್ರೆ ಮೊದಲು ಅದಕ್ಕೇ ಬಾಂಬ್ ಹಾಕೋದು ಅಂತ ಮಾವ ಟೀವಿ ನೋಡ್ತಾ ಹೇಳಿದ್ರು. ಅದಕ್ಕೆ ಅಪ್ಪ ಅದನ್ನ ಹಚ್ಚಲೇಬಾರ್ದು. ಹಚ್ಚಲ್ಲ ಅಂತ ಆಣೆ ಮಾಡು ಅಂದ್ರೆ ಮಾಡಲ್ಲ.”

ಆ ಮಾತು ಕಿವಿಗೆ ಬಿದ್ದ ದಿನದಿಂದ ಹುಡುಗಿ ಸರಿಯಾಗಿ ಉಂಡಿರಲಿಲ್ಲ. ಅಪ್ಪನ ಸಮವಸ್ತ್ರವನ್ನು ಎರಡು ಸಲ ಎಲ್ಲೋ ಬಚ್ಚಿಟ್ಟಿದ್ದಳು. ಹೀಗೇ ಬಿಟ್ಟು ಹೋಗುವುದು ಹೇಗೆ ಎಂಬುದೇ ಓಬಳೇಶನ ಸಂಕಟವಾಗಿತ್ತು.

“ನಿಮ್ಮ ಮಾವನ ಬಾಯಿಗೆ ಒಂದು ಬೀಗ ಹಾಕಬೇಕು,” ಎಂದರು ಗುರುಗಳು. “ಇರಲಿ. ಬಾ, ಇಲ್ಲಿ ಕೂತುಕೋ. ಲೋ ಓಬಳೇಶ, ನೀನೂ ಕೇಳು. ಒಂಬತ್ತನೇ ಕ್ಲಾಸಿನಲ್ಲಿ ಕಿಟಕಿಯ ಆಚೆ ನೋಡಿದ ಹಾಗೆ ನೋಡಬೇಡ.”

ಹೀಗೆಂದು ಅವರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಕುಂಬಾರರ ಮುದುಕಿ ಒಬ್ಬಳು ಇದ್ದಳು. ಚಿಕ್ಕಂದಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಕಣ್ಣು ಹೋದರೇನಂತೆ, ಕಿವಿ ಇತ್ತಲ್ಲ! ಅದೆಂಥ ಕಿವಿ ಅಂತೀ! ಮಗ ಮಡಕೆ ಮಾಡುತ್ತಿದ್ದ, ಸೊಸೆ ಮಣ್ಣು ತುಳಿಯುತ್ತಿದ್ದಳು, ಮುದುಕಿ ಸುಟ್ಟ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಳು. ಖಣ್ ಎಂದರೆ ಗಟ್ಟಿ, ಬೊದ್ ಎಂದರೆ ಬಿರುಕು. ಅವಳು ಸರಿ ಎಂದ ಮಡಕೆ ಸಂತೆಯಲ್ಲಿ ಯಾವತ್ತೂ ವಾಪಸು ಬಂದದ್ದಿಲ್ಲ.

ಅವಳ ಕೈಯಲ್ಲಿ ಒಂದು ಕೋಲಿತ್ತು. ತುದಿಗೆ ಕಬ್ಬಿಣದ ಬಳೆ ಹಾಕಿಸಿದ್ದಳು. ಅದನ್ನು ಚಪ್ಪಡಿ ಕಲ್ಲಿನ ಮೇಲೆ ಟಣ್ ಎಂದು ಕುಟ್ಟುತ್ತಿದ್ದಳು. ಆ ಸದ್ದು ಹೋಗಿ ಗೋಡೆಗೆ ತಾಗಿ ಬಂದರೆ ಗೋಡೆ ಎಷ್ಟು ದೂರ ಎಂದು ಗೊತ್ತಾಗುತ್ತಿತ್ತು. ಮಡಕೆಯ ಸಾಲಿಗೆ ತಾಗಿ ಬಂದರೆ ಮಡಕೆಯ ನಾದ ಬೇರೆ. ನಡುವೆ ಯಾರಾದರೂ ಅಡ್ಡ ನಿಂತರೆ ಸದ್ದು ಮಂಕಾಗುತ್ತಿತ್ತು. ಸೊಸೆ ಬಾಗಿಲಲ್ಲಿ ನಿಂತು ಮೂತಿ ತಿರುವಿದರೂ ಅತ್ತೆಗೆ ಗೊತ್ತಾಗುತ್ತಿತ್ತು ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ನಿಜವೋ ಸುಳ್ಳೋ, ನನಗೆ ಗೊತ್ತಿಲ್ಲ. ಆದರೆ ಸೊಸೆ ಬಾಗಿಲಲ್ಲಿ ನಿಲ್ಲುವುದನ್ನಂತೂ ಬಿಟ್ಟಿದ್ದಳಂತೆ.

ಮಳೆಗಾಲ ಇನ್ನೇನು ಬಂತು ಎನ್ನುವ ದಿನಗಳು. ಮಳೆ ಬಿದ್ದು ಕೆರೆಗೆ ನೀರು ಬಂದರೆ ವರ್ಷಪೂರ್ತಿಗೆ ಬೇಕಾದ ಜೇಡಿಮಣ್ಣು ಸಿಗುವುದಿಲ್ಲ. ಆದ್ದರಿಂದ ಕುಂಬಾರರ ಕೇರಿಯವರೆಲ್ಲ ಬೆಳಗಾಗುತ್ತಲೇ ಕತ್ತೆಗಳನ್ನು ಹೊಡೆದುಕೊಂಡು ಕೆರೆಯಂಗಳಕ್ಕೆ ಹೋಗುತ್ತಿದ್ದರು. ಮುದುಕಿಯ ಮಗನೂ ಸೊಸೆಯೂ ಹೊರಟರು. ಏಳು ತಿಂಗಳ ಕೂಸು ಅಂಗಳದ ಬೇವಿನ ಮರದ ಕೆಳಗೆ, ಚಪ್ಪರದ ತೊಟ್ಟಿಲಿನಲ್ಲಿ ಮಲಗಿತ್ತು. ಚಪ್ಪರದ ಮೂರು ಕಡೆಗೂ ಮಡಕೆಗಳನ್ನು ಎದೆಯೆತ್ತರ ಪೇರಿಸಿದ್ದರು. ಒಂದು ಕಡೆ ತೆರವಾಗಿತ್ತು.

“ಕೂಸಿನ ಹತ್ತಿರ ನಾನು ಇರಲೇ ಅತ್ತೆ?” ಎಂದಳು ಸೊಸೆ.

“ನನ್ನ ಕೋಲಿಲ್ಲವೇನೇ? ಹೋಗಿ ಬಾ ಹೋಗು. ಇಲ್ಲಿಗೆ ಬೆಕ್ಕು ಬಂದರೂ ನನ್ನನ್ನು ಕೇಳಿಕೊಂಡೇ ಬರಬೇಕು,” ಎಂದಳು ಮುದುಕಿ.

ಈ ಕೋಲಿನ ಜಂಬವೇ ನೋಡು ಅವಳ ತಪ್ಪು. ತಪ್ಪು ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಕೇರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮುದುಕಿ ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ತೂಗುತ್ತ, ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಆಗಾಗ ಕೋಲನ್ನು ಕುಟ್ಟುತ್ತಿದ್ದಳು. ಬಿಸಿಲೇರಿತು. ಕೋಳಿಗಳು ಇದ್ದಕ್ಕಿದ್ದಂತೆ ಕಿರುಚಿಕೊಂಡು ಚೆಲ್ಲಾಪಿಲ್ಲಿಯಾದವು. ಹಿತ್ತಲಲ್ಲಿ ಕಟ್ಟಿದ್ದ ಕತ್ತೆಮರಿ ಕಾಲು ಝಾಡಿಸಿತು. ಗಾಳಿಯಲ್ಲಿ ಒಂದು ವಾಸನೆ ಬಂತು. ನಾಯಿಯದರ ಹಾಗಿತ್ತು, ಆದರೆ ನಾಯಿಯದಲ್ಲ.

ತೋಳ.

ಕೂಸನ್ನು ಎತ್ತಿಕೊಂಡು ಗುಡಿಸಲಿಗೆ ಓಡೋಣವೆಂದರೆ ನಡುವೆ ನಲವತ್ತು ಹೆಜ್ಜೆ ಬಯಲು. ಕಣ್ಣಿಲ್ಲದವಳು ಕೂಸು ಹೊತ್ತು ಓಡಿ ಎಡವಿದರೆ ಕತೆ ಮುಗಿಯಿತು. ಗುಡಿಸಲಿಗೆ ಬಾಗಿಲಾದರೂ ಏನು, ಒಂದು ಬಿದಿರಿನ ತಟ್ಟಿ. ಮೂಗಿನಿಂದ ನೂಕಿದರೆ ಬೀಳುವಂಥದ್ದು. ಅವಳು ಕೂಸಿನ ಹತ್ತಿರವೇ ನಿಂತಳು, ಕೋಲೆತ್ತಿ ಟಣ್ ಎಂದು ಕುಟ್ಟಿದಳು. ಎಡಗಡೆಯ ಮಡಕೆಗಳ ಕಡೆಯಿಂದ ಸದ್ದು ಮಂಕಾಗಿ ಬಂತು. ಸಿಕ್ಕಿತು! “ಹಚ್ಚಾ! ಹಾಳಾದ್ದೇ!” ಎಂದು ಆ ಕಡೆ ನುಗ್ಗಿ ಬೀಸಿದಳು. ಕೋಲಿಗೆ ಗಾಳಿ ಮಾತ್ರ ಸಿಕ್ಕಿತು.

ಮತ್ತೆ ಕುಟ್ಟಿದಳು. ಈಗ ಬಲಗಡೆ ಮಂಕು. ಬಲಕ್ಕೆ ನುಗ್ಗಿದಳು. ಅಲ್ಲಿಯೂ ಇಲ್ಲ. ಮೂರನೆಯ ಸಲ ಕುಟ್ಟುವಷ್ಟರಲ್ಲಿ ಬೆನ್ನ ಹಿಂದೆ ಬಟ್ಟೆ ಪರ್ರೆಂದು ಹರಿದ ಸದ್ದು. ತೋಳ ತೊಟ್ಟಿಲಿಗೇ ಬಾಯಿ ಹಾಕಿತ್ತು. ಮುದುಕಿ ಅಯ್ಯಯ್ಯೋ ಎಂದು ತಿರುಗಿ ಬೀಸಿದ ರಭಸಕ್ಕೆ ಅದು ತೊಟ್ಟಿಲಿನ ಬಟ್ಟೆಯ ಚೂರೊಂದನ್ನು ಕಚ್ಚಿಕೊಂಡು ಹಿಂದಕ್ಕೆ ಹಾರಿತು. ಶಿವ ದೊಡ್ಡವನು, ಕೂಸಿಗೆ ಏನೂ ಆಗಲಿಲ್ಲ.

ಕತೆ ಇಲ್ಲಿಗೆ ಬಂದಾಗ ಸಿಂಚನ ಗುರುಗಳ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. “ಅದಕ್ಕೆ ಹೆಂಗೆ ಗೊತ್ತಾಗ್ತಿತ್ತು ತಾತ, ಅಜ್ಜಿ ಬರೋದು?” ಎಂದಳು.

“ಕೇಳಬೇಕಾದ್ದನ್ನು ಕೇಳಿದೆ, ಜಾಣೆ! ಅಜ್ಜಿಯ ಸದ್ದು ತೋಳದವರೆಗೆ ಹೋಗಬೇಕು, ಅಲ್ಲಿ ತಾಗಬೇಕು, ಮತ್ತೆ ಅಷ್ಟು ದೂರ ನಡೆದು ಅಜ್ಜಿಯ ಕಿವಿಗೆ ಬರಬೇಕು. ಅಷ್ಟು ಹೊತ್ತಿಗೆ ಅದು ಬಡವಾಗಿರುತ್ತದೆ. ತೋಳಕ್ಕೆ ಬರೀ ಹೋದ ಸದ್ದೇ ಸಾಕು, ಅದಂತೂ ಗಟ್ಟಿಯಾಗೇ ಇರುತ್ತದೆ. ಆ ಕೋಲಿನ ಸದ್ದು ಕೆರೆ ಏರಿಯವರೆಗೂ ಕೇಳುತ್ತಿತ್ತು. ಆದರೆ ಅಜ್ಜಿಗೆ ಅದರಿಂದ ಗೊತ್ತಾಗುತ್ತಿದ್ದದ್ದು ಹತ್ತು ಹೆಜ್ಜೆಯ ಒಳಗಿನದು ಮಾತ್ರ. ಅಂದಮೇಲೆ ಯಾರು ಯಾರನ್ನು ಮೊದಲು ಕಂಡುಹಿಡಿದ ಹಾಗಾಯಿತು?”

“ತೋಳ ಅಜ್ಜೀನ,” ಎಂದಳು ಹುಡುಗಿ.

“ಅದೇ ನೋಡು. ಅಜ್ಜಿಗೂ ಆಗಲೇ ಹೊಳೆದದ್ದು.”

ಮುದುಕಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಇಷ್ಟು ದಿನ ಕೋಲು ಕೋಲು ಎಂದು ಮೆರೆದೆನಲ್ಲ, ನನ್ನ ಕೊರಳಿಗೆ ನಾನೇ ಗಂಟೆ ಕಟ್ಟಿಕೊಂಡಿದ್ದೆನಲ್ಲ! ನಾನು ಎಲ್ಲಿದ್ದೇನೆ ಎಂದು ಈ ಕೋಲೇ ಅದಕ್ಕೆ ಹೇಳಿಕೊಡುತ್ತಿದೆ. ಹಾಗೆಂದುಕೊಂಡು ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟಳು. ತೊಟ್ಟಿಲಿಗೆ ಬೆನ್ನು ಕೊಟ್ಟು, ಇಳಿಬಿದ್ದ ಅದರ ಬಟ್ಟೆಯ ಮರೆಯಲ್ಲಿ ಕೂತಳು. ಉಸಿರು ಬಿಗಿಹಿಡಿದಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ದೊಡ್ಡವರು ಹೇಳಿಲ್ಲವೇ? ಹೇಳಿದ್ದಾರೆ. ಹೇಳಿದವರ ಅಂಗಳಕ್ಕೆ ತೋಳ ಬಂದಿರಲಿಲ್ಲ, ಅಷ್ಟೇ.

ಸದ್ದು ಮಾಡದೆ ಕೂತ ಮೇಲೆ ಮುದುಕಿ ಎಲ್ಲಿದ್ದಾಳೆ ಎಂದು ತೋಳಕ್ಕೆ ತಿಳಿಯಲಿಲ್ಲ, ನಿಜ. ಮಡಕೆಯ ಸಾಲಿನ ಮುಂದೆ ಅದೂ ಅನುಮಾನದಿಂದ ನಿಂತಿತು. ಆದರೆ ತೋಳ ಎಲ್ಲಿದೆ ಎಂದು ಮುದುಕಿಗೂ ತಿಳಿಯದಾಯಿತು. ಹುಟ್ಟಿದಾಗಿನಿಂದ ಅಷ್ಟು ಕತ್ತಲು ಅವಳು ಕಂಡಿರಲಿಲ್ಲ. ಕೋಲು ಇದ್ದಾಗ ಅವಳು ಕುರುಡಿಯಲ್ಲ. ಈಗ ನಿಜವಾಗಿ ಕುರುಡಿ.

ಅದಕ್ಕಿಂತ ದೊಡ್ಡ ಅನಾಹುತ ಬೇರೆ ಆಯಿತು. ಕೂಸು ಎದ್ದುಬಿಟ್ಟಿತು. ಹುಟ್ಟಿದ ದಿನದಿಂದ ಅದು ಅಜ್ಜಿಯ ಸದ್ದು ಕೇಳುತ್ತಲೇ ಮಲಗಿದ್ದ ಕೂಸು. ಕೋಲು ಕುಟ್ಟಿದರೆ ಬೆದರುತ್ತಿರಲಿಲ್ಲ. ಸದ್ದು ನಿಂತದ್ದೇ ಅದಕ್ಕೆ ಭಯವಾಯಿತು. ಅಜ್ಜಿ ಹೋದಳು ಎಂದುಕೊಂಡಿತೋ ಏನೋ, ಪಾಪ, ಕಿಟಾರನೆ ಕಿರುಚಿತು. ಆ ಕಿರುಚು ತೋಳಕ್ಕೆ ಊಟಕ್ಕೆ ಬಾ ಎಂದು ಕರೆದ ಹಾಗಾಯಿತು.

ಮುದುಕಿ ಹುಣಸೆಹಣ್ಣು ಅಂಟಿದ್ದ ತನ್ನ ಬೆರಳನ್ನು ಕೂಸಿನ ಬಾಯಿಗಿಟ್ಟಳು. ಹುಳಿಗೆ ಕೂಸು ಮುಖ ಕಿವಿಚಿ ಒಂದು ಗಳಿಗೆ ಸುಮ್ಮನಾಯಿತು. ಆ ಒಂದು ಗಳಿಗೆಯಲ್ಲಿ ಅವಳು ಯೋಚನೆ ಮಾಡಿದಳು. ಕುಟ್ಟಿದರೆ ತೋಳಕ್ಕೆ ನಾನು ಸಿಗುತ್ತೇನೆ. ಕುಟ್ಟದಿದ್ದರೆ ನನಗೆ ತೋಳ ಸಿಗುವುದಿಲ್ಲ, ಕೂಸು ಅಳುತ್ತದೆ. ಶಿವನೇ, ಅತ್ತ ದರಿ, ಇತ್ತ ಪುಲಿ. ಏನು ಮಾಡಲಿ?

ಆಗ ಅವಳ ಕಿವಿಗೆ ಒಂದು ಸದ್ದು ಬಿತ್ತು. ಟಿಣ್.

ಅದು ಬೆಳಗಿನಿಂದಲೂ ಬೀಳುತ್ತಿದ್ದ ಸದ್ದೇ. ಹಿಂದಿನ ದಿನ ಆವಿಗೆ ಇಳಿಸಿದ್ದರು. ಆವಿಗೆ ಎಂದರೆ ಮಡಕೆ ಸುಡುವ ಒಲೆ ಕಣವ್ವ. ಅದರಿಂದ ತೆಗೆದ ಮಡಕೆಗಳು ಆರುವಾಗ ತಮ್ಮಷ್ಟಕ್ಕೆ ತಾವೇ ಟಿಣ್, ಟಿಣ್ ಎನ್ನುತ್ತವೆ. ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಜೊತೆಗೆ ಬೇವಿನ ಹಣ್ಣು ಕಳಿತು ಉದುರುವ ಕಾಲ. ಅವೂ ಮಡಕೆಯ ಮೇಲೆ ಟಪ್, ಟಿಣ್ ಎಂದು ಬೀಳುತ್ತಿದ್ದವು. ಈ ಸದ್ದಿಗೆಲ್ಲ ತೋಳ ಕಿವಿ ಕೊಡುವುದನ್ನು ಯಾವಾಗಲೋ ಬಿಟ್ಟಿತ್ತು. ಕುಂಬಾರರ ಅಂಗಳ ಎಂದರೆ ಹೀಗೇ ಎಂದು ಅದು ತೀರ್ಮಾನ ಮಾಡಿಕೊಂಡಿತ್ತು.

ಮುದುಕಿ ಮಡಿಲಲ್ಲಿ ಕಟ್ಟಿಕೊಂಡಿದ್ದ ಹುಣಸೆಬೀಜ ಒಂದನ್ನು ತೆಗೆದು, ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಚಿಮ್ಮಿದಳು. ಎಡಗಡೆಯ ಒಂದು ಮಡಕೆಗೆ ತಾಗಿ ಟಿಣ್ ಎಂದಿತು. ತೋಳ ಅಲುಗಲಿಲ್ಲ. ಇನ್ನೊಂದು ಬೀಜ, ಬಲಗಡೆ. ಮತ್ತೊಂದು, ಹಿಂದೆ. ಹೀಗೆ ಮನಸ್ಸಿಗೆ ಬಂದ ಹಾಗೆ ಚಿಮ್ಮಿದಳು ಎಂದು ನೋಡಿದವರು ಅಂದುಕೊಳ್ಳಬೇಕು. ಆದರೆ ಅವಳು ಹಾಗೆ ಚಿಮ್ಮಲಿಲ್ಲ. ಕೂಸನ್ನು ಮಲಗಿಸಲು ತಾನೇ ಕಟ್ಟಿಕೊಂಡ ಒಂದು ಜೋಗುಳ ಇತ್ತು.

ಮಣ್ಣು ತಂದನು ಅಪ್ಪ, ನೀರು ತಂದಳು ಅವ್ವ,
ಅಜ್ಜಿ ತಂದಳು ನಿದ್ದೆ ಮಡಿಲ ತುಂಬ.

ಅದನ್ನು ಬಾಯಿಬಿಟ್ಟು ಹಾಡಲಿಲ್ಲ, ಮನಸ್ಸಿನಲ್ಲೇ ಹೇಳಿಕೊಂಡಳು. ಮಣ್ಣು ಎಂದರೆ ಎಡಗಡೆಯ ಒಂದು ಮಡಕೆ, ತಂದನು ಎಂದರೆ ಬಲಗಡೆಯದು, ಅಪ್ಪ ಎಂದರೆ ಹಿಂದಿನದು. ಒಂದೊಂದು ಮಾತಿಗೆ ಒಂದೊಂದು ಮಡಕೆ, ಒಂದೊಂದು ಬೀಜ. ಯಾವ ಬೀಜ ಯಾವಾಗ ಎಲ್ಲಿಗೆ ಹೋಗುತ್ತದೆ ಎಂದು ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತು. ಅಷ್ಟು ಸದ್ದುಗಳ ನಡುವೆ ತನ್ನ ಸದ್ದು ಯಾವುದು ಎಂದು ಆರಿಸಿಕೊಳ್ಳುವುದು ಅವಳಿಗೆ ಕಷ್ಟವಾಗಲಿಲ್ಲ. ತೋಳಕ್ಕೆ ಎಲ್ಲವೂ ಒಂದೇ. ಬರೀ ಮಡಕೆ ಆರುವ ಸದ್ದು, ಹಣ್ಣು ಉದುರುವ ಸದ್ದು.

“ಬೀಜ ಹಾರೋದು ತೋಳಕ್ಕೆ ಕಾಣಲ್ವಾ?” ಎಂದಳು ಸಿಂಚನ.

“ಕಂಡರೂ ಬೇವಿನ ಹಣ್ಣು ಎಂದುಕೊಂಡಿರುತ್ತದೆ ಬಿಡು. ನಿನ್ನಷ್ಟು ಬುದ್ಧಿ ಇದ್ದಿದ್ದರೆ ಅದು ತೋಳ ಯಾಕಾಗುತ್ತಿತ್ತು, ಹೆಡ್‌ಮಾಸ್ತರ ಆಗುತ್ತಿತ್ತು.”

ಓಬಳೇಶ ಫಕ್ಕನೆ ನಕ್ಕ. ಗುರುಗಳು ಅವನನ್ನೊಮ್ಮೆ ಗದರುವಂತೆ ನೋಡಿ ಕತೆಯನ್ನು ಮುಂದುವರಿಸಿದರು.

ಒಂದು ಬೀಜದ ಸದ್ದು ಎಷ್ಟಿದ್ದೀತು? ಇದ್ದೂ ಇಲ್ಲದಷ್ಟು. ಕೋಲಿನ ಹಾಗೆ ಒಂದೇ ಏಟಿಗೆ ಇಲ್ಲಿದೆ ನೋಡು ಎಂದು ಅದು ಹೇಳುವುದಿಲ್ಲ. ಮುದುಕಿ ಅವಸರ ಮಾಡಲಿಲ್ಲ. ಜೋಗುಳ ಮುಗಿದರೆ ಮತ್ತೆ ಮೊದಲಿನಿಂದ ಹಿಡಿದಳು. ಮೊದಲ ಸುತ್ತಿನಲ್ಲಿ ಏನೂ ತಿಳಿಯಲಿಲ್ಲ. ಎರಡನೆಯದರಲ್ಲೂ ಇಲ್ಲ. ಐದನೆಯ ಸುತ್ತಿಗೆ, ಬಲಗಡೆ, ತೊಟ್ಟಿಲಿನ ಕಡೆಯಿಂದ ಮೂರನೆಯ ಮಡಕೆಯ ನಾದ ಒಂದು ಎಳೆಯಷ್ಟು ಮಂಕು ಎನಿಸಿತು. ಗಾಳಿಗೆ ಹಾಗಾಯಿತೋ, ಬೀಜ ಓರೆಯಾಗಿ ಬಿತ್ತೋ? ಒಂದು ಸಲ ಹಾಗಾದರೆ ಗಾಳಿ ಎನ್ನಬಹುದು. ಹತ್ತು ಸಲವೂ ಅದೇ ಮಡಕೆ ಮಂಕಾದರೆ? ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ರಾಶಿ. ಚೂರು ಚೂರು ಸದ್ದನ್ನೆಲ್ಲ ಅವಳು ಮನಸ್ಸಿನಲ್ಲಿ ಕೂಡಿಟ್ಟಳು. ಕೊನೆಗೆ ಕಣ್ಣಿದ್ದವರಿಗಿಂತ ಚೆನ್ನಾಗಿ ಅವಳಿಗೆ ಕಂಡಿತು. ತೋಳ ಬಲಗಡೆಯ ಮೂರನೆಯ ಮಡಕೆಯ ಮುಂದೆ, ಹೊಟ್ಟೆ ನೆಲಕ್ಕೆ ಹಚ್ಚಿ, ಕೂತಿದೆ.

ಇನ್ನೊಂದು ವಿಚಿತ್ರ ಕೇಳು. ಕೂಸು ಸುಮ್ಮನಾಗಿತ್ತು. ಅಜ್ಜಿ ದಿನವೂ ಆ ಜೋಗುಳದ ಲಯಕ್ಕೇ ಅದರ ಬೆನ್ನು ತಟ್ಟಿ ಮಲಗಿಸುತ್ತಿದ್ದಳು. ಈಗ ಬೀಜ ಬೀಳುತ್ತಿದ್ದದ್ದೂ ಅದೇ ಲಯದಲ್ಲಿ, ಮತ್ತೆ ಹಗ್ಗ ಸಿಕ್ಕಿಸಿಕೊಂಡು ಜಗ್ಗುತ್ತಿದ್ದ ಕಾಲಿನ ಹೆಬ್ಬೆರಳೂ ಅದೇ ಲಯದಲ್ಲಿ. ಏಳು ತಿಂಗಳ ಕೂಸಿಗೆ ಏನು ತಿಳಿಯುತ್ತದೆ ಎನ್ನಬೇಡ. ಅಜ್ಜಿ ಇಲ್ಲೇ ಇದ್ದಾಳೆ ಎಂದು ಅದಕ್ಕೆ ತಿಳಿಯಿತು. ತನ್ನ ಬೆರಳು ಚೀಪುತ್ತ ಮತ್ತೆ ಕಣ್ಣು ಮುಚ್ಚಿತು.

ತೋಳ ಕಾದು ಕಾದು ಬೇಸತ್ತಿತು. ಕೋಲಿಲ್ಲ, ಕೂಗಿಲ್ಲ. ಮುದುಕಿ ಎದ್ದು ಹೋಗಿರಬೇಕು, ಇಲ್ಲವೇ ಗೊರಕೆಗೆ ಬಿದ್ದಿರಬೇಕು. ಅದು ಮೆಲ್ಲಗೆ ಎದ್ದಿತು. ಮುದುಕಿ ಬೀಜ ಚಿಮ್ಮಿದಳು. ಮೂರನೆಯ ಮಡಕೆ ಸ್ಪಷ್ಟವಾಗಿ ಖಣ್ ಎಂದಿತು. ಎರಡನೆಯದು ಮಂಕಾಯಿತು. ಇನ್ನೊಂದು ಸುತ್ತು. ಈಗ ಎರಡನೆಯದು ಸ್ಪಷ್ಟ, ಮೊದಲನೆಯದು ಮಂಕು. ಆದರೂ ಜೋಗುಳ ತಪ್ಪಲಿಲ್ಲ. ಅವಸರದಲ್ಲಿ ಒಂದು ಮಾತು ಬಿಟ್ಟಿದ್ದರೆ ಎಲ್ಲ ಲೆಕ್ಕವೂ ತಪ್ಪುತ್ತಿತ್ತು. ಎಡಗೈಯಲ್ಲಿ ಬೀಜ ಚಿಮ್ಮುತ್ತಲೇ ಬಲಗೈಯನ್ನು ನೆಲದ ಮೇಲೆ ಸರಿಸಿ, ಮಗ ಮಡಕೆ ತಟ್ಟುವ ಮರದ ಹಲಗೆಯನ್ನು ಹಿಡಿದಳು.

ಮೊದಲನೆಯ ಮಡಕೆಯೂ ಸ್ಪಷ್ಟವಾಯಿತು. ಅಂದರೆ ತೋಳ ಮಡಕೆಗಳನ್ನು ದಾಟಿ ಈಚೆ ಬಂದಿದೆ. ತೊಟ್ಟಿಲಿಗೂ ಅದಕ್ಕೂ ಎರಡು ಮೊಳ.

ಮುದುಕಿ ಬಾಯಿ ತೆರೆಯಲಿಲ್ಲ. ಎಲ್ಲಿ ಇದೆ ಎಂದು ತಡಕಾಡಲಿಲ್ಲ. ನೇರವಾಗಿ ಅದರ ಮೂತಿಯ ಮೇಲೆ ಹಲಗೆಯನ್ನು ಅಪ್ಪಳಿಸಿದಳು. ಅರವತ್ತು ವರ್ಷ ಮಣ್ಣು ಕಲಸಿದ ಕೈ ಅದು! ತೋಳ ಕುಂಯ್ಯೋ ಎಂದು ಬಾಲ ಮುದುರಿಕೊಂಡು, ಮಡಕೆಯ ಸಾಲಿನ ಮೇಲೆಯೇ ಬಿದ್ದು, ಎದ್ದು, ಕೇರಿ ಬಿಟ್ಟು ಓಡಿತು. ಆಮೇಲೆ ಕುಂಬಾರರ ಕೇರಿಯ ಕಡೆ ಅದು ತಲೆ ಹಾಕಲಿಲ್ಲ.

ಸಂಜೆ ಮಗ ಬಂದ. ಒಡೆದು ಬಿದ್ದ ಮಡಕೆಗಳನ್ನು ನೋಡಿದ. “ಅಯ್ಯೋ ಅವ್ವಾ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಅದ್ಯಾವ ದೊಣ್ಣೆ ಬಂದಿತ್ತವ್ವಾ?” ಎಂದು ತಲೆ ಚಚ್ಚಿಕೊಂಡ. ಸೊಸೆ ಮಡಕೆ ನೋಡಲಿಲ್ಲ. ಹರಿದ ತೊಟ್ಟಿಲು ನೋಡಿದಳು, ಹುಣಸೆಬೀಜ ಚೆಲ್ಲಿದ್ದನ್ನು ನೋಡಿದಳು, ಬೆವರಿ ತೊಪ್ಪೆಯಾಗಿದ್ದ ಅತ್ತೆಯನ್ನು ನೋಡಿದಳು. ಓಡಿ ಬಂದು ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಮುದುಕಿ, “ಮೆಲ್ಲಗೆ ಅಳೇ, ಕೂಸು ಏಳುತ್ತದೆ,” ಎಂದಳು.

ಗುರುಗಳು ಕತೆ ನಿಲ್ಲಿಸಿ ಒಂದು ಲೋಟ ನೀರು ಕುಡಿದರು.

“ನೋಡವ್ವ ಸಿಂಚನ, ನಿಮ್ಮಪ್ಪನ ಯಂತ್ರ ಮಾಡುವುದು ಇಷ್ಟೇ. ಹಳೆಯ ಯಂತ್ರ ಕೋಲು ಕುಟ್ಟುತ್ತಿತ್ತು. ನಿಮ್ಮ ಮಾವ ಹೇಳಿದ್ದು ಅದನ್ನು. ಇದು ಬೀಜ ಚಿಮ್ಮುತ್ತದೆ. ಒಂದೇ ಏಟಿಗೆ ಗಟ್ಟಿಯಾಗಿ ಕೂಗುವ ಬದಲು ಆ ಕೂಗನ್ನು ಚೂರು ಚೂರು ಮಾಡಿ, ಒಂದೊಂದನ್ನು ಒಂದೊಂದು ಸ್ವರದಲ್ಲಿ, ಮೆಲ್ಲಗೆ, ಬಹಳ ಹೊತ್ತು ಕಳಿಸುತ್ತದೆ. ವೈರಿಗೆ ಅದು ಆಕಾಶದಲ್ಲಿ ಯಾವಾಗಲೂ ಇರುವ ಗುಜುಗುಜು ಅಷ್ಟೇ. ಯಂತ್ರಕ್ಕೆ ಮಾತ್ರ ತನ್ನ ಜೋಗುಳ ಗೊತ್ತು. ಹೋಗಿ ಬಂದ ಚೂರುಗಳನ್ನು ಆರಿಸಿಕೊಂಡು ಕೂಡಿಸುತ್ತದೆ. ತಿಳಿಯಿತೇ?”

ಹುಡುಗಿ ತಲೆಯಾಡಿಸಿದಳು. “ಹಚ್ಚದೇ ಇದ್ರೆ ಅಪ್ಪ ಕುರುಡ ಆಗುತ್ತೆ, ಅಲ್ವಾ?”

“ಆಗುತ್ತಾನೆ. ಅವನ ಬೆನ್ನ ಹಿಂದೆ ಇರುವವರಿಗೆಲ್ಲ ಅಪಾಯ.”

“ತೋಳಕ್ಕೆ ಯಾವತ್ತೂ ಗೊತ್ತಾಗಲ್ವಾ?”

ಓಬಳೇಶ ಗುರುಗಳ ಮುಖ ನೋಡಿದ. ಯಾವತ್ತೂ ಗೊತ್ತಾಗುವುದಿಲ್ಲ ಎಂದು ಅವರು ಹೇಳಿಬಿಡಲಿ ಎಂದು ಅವನಿಗೆ ಆಸೆಯಾಗಿತ್ತು.

“ನಿನಗೆ ಸುಳ್ಳು ಹೇಳಲಾರೆ ಮಗಳೇ,” ಎಂದರು ಗುರುಗಳು. “ಬಹಳ ಜಾಣ ತೋಳ, ಬಹಳ ಹತ್ತಿರ ಬಂದು, ಬಹಳ ಹೊತ್ತು ಕೇಳಿಸಿಕೊಂಡರೆ ಗೊತ್ತಾದರೂ ಆದೀತು. ಅದಕ್ಕೇ ಅಜ್ಜಿಯಂಥವರು ಜೋಗುಳವನ್ನು ಆಗಾಗ ಬದಲಾಯಿಸುತ್ತಾರೆ. ನಿಮ್ಮಪ್ಪನೂ ಬದಲಾಯಿಸುತ್ತಾನೆ. ಇವನು ನನ್ನ ಕ್ಲಾಸಿನಲ್ಲಿ ಬಹಳ ಜಾಣನೇನೂ ಆಗಿರಲಿಲ್ಲ. ಆದರೆ ಹಿಡಿದ ಕೆಲಸವನ್ನು ಕೈಬಿಟ್ಟವನೂ ಅಲ್ಲ.”

“ಹಂಗಾದ್ರೆ ಹಚ್ಚಲಿ,” ಎಂದಳು ಸಿಂಚನ. ಅಪ್ಪನ ಕಡೆಗೆ ತಿರುಗಿ, “ಮೆಲ್ಲಗೆ ಹಚ್ಚು,” ಎಂದಳು.

ಓಬಳೇಶನ ಕಣ್ಣಲ್ಲಿ ನೀರು ತುಂಬಿತು. ಬಂದ ಕೆಲಸ ಆಯಿತೆಂದು ಅವನು ಏಳಲು ಹೊರಟ. ಗುರುಗಳ ಕಾಲಿಗೆ ನಮಸ್ಕಾರ ಮಾಡಿದ. ಹುಡುಗಿ ಏಳಲಿಲ್ಲ.

“ಆ ಪಾಪುಗೆ ಒಳ್ಳೇದಾಯ್ತು ತಾತ,” ಎಂದಳು. “ಅಜ್ಜಿ ಇದೆ ಅಂತ ಅದಕ್ಕೆ ಕೇಳ್ತಾ ಇತ್ತು. ಅಪ್ಪ ಅಲ್ಲಿದ್ದಾಗ ನಂಗೆ ಏನೂ ಕೇಳಲ್ಲ.”

ಗುರುಗಳು ಶಿಷ್ಯನ ಕಡೆ ನೋಡಿದರು. ಓಬಳೇಶ ತಡವರಿಸಿದ. “ಫೋನ್ ಮಾಡ್ತೀನಿ ಗುರುಗಳೇ. ತಿಂಗಳಿಗೊಂದು ಸಲ ಮಾಡೇ ಮಾಡ್ತೀನಿ. ಚೆನ್ನಾಗಿದೀನಿ ಅಂತೀನಿ, ಇಟ್ಟುಬಿಡ್ತೀನಿ. ಎಲ್ಲಿದೀನಿ, ಏನು ಮಾಡ್ತಿದೀನಿ ಅಂತ ಹೇಳೋ ಹಾಗಿಲ್ಲ. ಎಲ್ಲಾ ಗುಟ್ಟು. ಕೆಲಸವೇ ಅಂಥದ್ದು, ಸುಮ್ಮನಿದ್ದು ಸುಮ್ಮನಿದ್ದು ಅದೇ ರೂಢಿಯಾಗಿದೆ. ಇನ್ನೇನು ಮಾತಾಡಲಿ, ನೀವೇ ಹೇಳಿ.”

ಗುರುಗಳು ಈ ಸಲ ಬೈಯಲಿಲ್ಲ. ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

“ತೋಳಕ್ಕೆ ಕೇಳಿಸಬಾರದು ಎಂದರೆ ತೊಟ್ಟಿಲಿಗೂ ಕೇಳಿಸಬಾರದು ಎಂದು ನಿನಗೆ ಯಾರಪ್ಪ ಹೇಳಿಕೊಟ್ಟರು?”